ಡಾ. ಅನುಪಮಾ ನಿರಂಜನ: ಲೇಖನಿ ಹಿಡಿದ ವೈದ್ಯೆ

ಹೆಣ್ಣಿನ ಆರೋಗ್ಯದ ವಿಷಯವನ್ನು ಕನ್ನಡದಲ್ಲಿ ಸಂಕೋಚವಿಲ್ಲದೆ, ಸಭ್ಯತೆಗೂ ಕುಂದಿಲ್ಲದಂತೆ ಬರೆದವರಲ್ಲಿ ಡಾ. ಅನುಪಮಾ ನಿರಂಜನ ಅಗ್ರಗಣ್ಯರು. 1934ರ ಮೇ 17ರಂದು ತೀರ್ಥಹಳ್ಳಿಯಲ್ಲಿ ಜನಿಸಿದ ಅವರ ಮೊದಲ ಹೆಸರು ವೆಂಕಟಲಕ್ಷ್ಮಿ. ಮೈಸೂರಿನಲ್ಲಿ ವೈದ್ಯಕೀಯ ವ್ಯಾಸಂಗ ಮುಗಿಸಿದರು. ಸಾಹಿತಿ ನಿರಂಜನರ ಕೈಹಿಡಿದು, ಧಾರವಾಡ ಮತ್ತು ಬೆಂಗಳೂರಿನಲ್ಲಿ ವೃತ್ತಿ ನಡೆಸಿದರು.

‘ಮಾಧವಿ’ಯಂಥ ಕಾದಂಬರಿಗಳಿಂದಲೂ ಮಕ್ಕಳ ‘ದಿನಕ್ಕೊಂದು ಕಥೆ’ಯಿಂದಲೂ ಅವರು ಮನೆಮಾತಾದರು. ಆದರೂ ‘ತಾಯಿ-ಮಗು’, ‘ಕೇಳು ಕಿಶೋರಿ’, ‘ದಾಂಪತ್ಯ ದೀಪಿಕೆ’ಗಳೇ ಅವರ ಹಿರಿಯ ಕೊಡುಗೆಯೆಂದು ನನ್ನ ಎಣಿಕೆ. ಮೈನೆರೆಯುವುದು, ಬಸಿರು, ಬಾಣಂತನ ಇವೆಲ್ಲ ತಾಯಿ ಮಗಳಿಗೆ ಹೇಳಲು ನಾಚುತ್ತಿದ್ದ, ವೈದ್ಯರಿಗೆ ವಿವರಿಸಲು ಪುರುಸೊತ್ತಿಲ್ಲದ ಸಂಗತಿಗಳು. ಚಿಕಿತ್ಸಾಲಯದಲ್ಲಿ ಒಬ್ಬೊಬ್ಬರಿಗೇ ಹೇಳಬೇಕಾದುದನ್ನು ಅನುಪಮಾ ಪುಸ್ತಕದ ಮೂಲಕ ಸಾವಿರಾರು ಮನೆಗಳಿಗೆ ಮುಟ್ಟಿಸಿದರು. ಅದೂ ಪಾರಿಭಾಷಿಕ ಪದಗಳ ಭಾರವಿಲ್ಲದ ತಿಳಿಗನ್ನಡದಲ್ಲಿ.

ಇದರ ಬೆಲೆ ಹೊರನಾಡಿನ ಕನ್ನಡಿಗರಿಗೆ ಚೆನ್ನಾಗಿ ಗೊತ್ತು. ತಮಿಳು ಬಾರದ ಹೊಸ ಸೊಸೆ ಚೆನ್ನೈನ ವೈದ್ಯರೆದುರು ತನ್ನ ನೋವನ್ನು ಹೇಳಿಕೊಳ್ಳಲು ಪಡುವ ಪಾಡು ಬಲ್ಲವರೇ ಬಲ್ಲರು! ನನ್ನ ಮಡದಿ ತವರಿನಿಂದ ತಂದ ‘ತಾಯಿ-ಮಗು’ವಿನ ಪ್ರತಿ ಕೋಯಂಬೇಡಿನ ನಮ್ಮ ಪರಿಚಯದ ಕನ್ನಡ ಮನೆಗಳನ್ನೆಲ್ಲ ಸುತ್ತಿ, ರಟ್ಟು ಕಳೆದುಕೊಂಡು ಹಿಂದಿರುಗಿತು.

ತಮ್ಮ ಬಾಳಿನ ಕಥೆಯನ್ನು ‘ನೆನಪು ಸಿಹಿ-ಕಹಿ’ಯಲ್ಲಿ ಬರೆದಿಟ್ಟ ಅನುಪಮಾ, ಕ್ಯಾನ್ಸರ್ ಕಾಯಿಲೆಗೆ ತುತ್ತಾಗಿ 1991ರ ಫೆಬ್ರವರಿ 15ರಂದು ನಿಧನರಾದರು. ಆಗ ಅವರಿಗೆ 56 ವರ್ಷ.