ಕಬ್ಬಿಣದ ರಂಟೆಯ ಕಾಯಕಜೀವಿ ಲಕ್ಷ್ಮಣರಾವ್ ಕಿರ್ಲೋಸ್ಕರ್

ಹಳೆಯ ಒಕ್ಕಲುತನದ ಮನೆಗಳ ಹಿತ್ತಿಲಿನಲ್ಲಿ ತುಕ್ಕು ಹಿಡಿದು ಗೋಡೆಗೆ ಒರಗಿರುವ ಕಬ್ಬಿಣದ ರಂಟೆಯನ್ನು ನಮ್ಮ ಸದ್ಭಕ್ತರಲ್ಲಿ ಅನೇಕರು ಕಂಡಿರಬಹುದು. ಟ್ರ್ಯಾಕ್ಟರ್ ಬಂದ ಮೇಲೆ ಅದಕ್ಕೆ ಕೆಲಸವಿಲ್ಲ. ಆದರೂ ಅದನ್ನು ಗುಜರಿಗೆ ಹಾಕಲು ಹಿರಿಯರಿಗೆ ಮನಸ್ಸು ಬಾರದು. ಆ ರಂಟೆ ನಮ್ಮ ನೆಲಕ್ಕೆ ಬಂದ ಬಗೆ ಮತ್ತು ಅದನ್ನು ತಂದ ಮಹನೀಯರ ಬಾಳು ಕಾಯಕತತ್ತ್ವವನ್ನು ನಂಬಿದ ನಮಗೆ ಮನನಯೋಗ್ಯವಾದುದು. ಲಕ್ಷ್ಮಣರಾವ್ ಕಾಶಿನಾಥ ಕಿರ್ಲೋಸ್ಕರ್ ಅವರು ಶರಣ ಪರಂಪರೆಯಲ್ಲಿ ಹುಟ್ಟಿದವರಲ್ಲ. ವೇದಾಂತ ಪಂಡಿತರ ಮನೆಯ ಮಗ. ಆದರೆ ಕೈಕೆಲಸವನ್ನು ಕೀಳೆಂದು ಎಣಿಸುತ್ತಿದ್ದ ಕಾಲದಲ್ಲಿ ಪಂಡಿತರ ಮನೆಯಿಂದ ಹೊರಟು ಕುಲುಮೆಯ ಮುಂದೆ ನಿಂತವರು. ಇಂಥವರ ಜೀವನವನ್ನು ನಮ್ಮವರಲ್ಲ ಎಂಬ ಕಾರಣಕ್ಕೆ ಬದಿಗಿಡುವುದು ಶರಣಧರ್ಮಕ್ಕೆ ಒಪ್ಪುವ ಮಾತಲ್ಲ.

ಲಕ್ಷ್ಮಣರಾಯರು ಜನಿಸಿದ್ದು 1869ರ ಜೂನ್ 20ರಂದು, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ತಂದೆ ಕಾಶಿನಾಥಪಂತರಿಗೆ ಮಗ ಓದಿ ವಿದ್ವಾಂಸನಾಗಬೇಕೆಂಬ ಹಂಬಲ. ಮಗನಿಗೋ ಶಾಲೆಯ ಪಾಠಕ್ಕಿಂತ ಚಿತ್ರ ಬರೆಯುವುದರಲ್ಲಿ, ಯಂತ್ರಗಳನ್ನು ಬಿಚ್ಚಿ ಜೋಡಿಸುವುದರಲ್ಲಿ ಆಸಕ್ತಿ. ತಂದೆಗೆ ಇದು ಸೇರಲಿಲ್ಲ. ಅಣ್ಣ ರಾಮಚಂದ್ರರಾಯರು, ಮನೆಯವರ ಬಾಯಲ್ಲಿ ರಾಮುಅಣ್ಣ, ತಮ್ಮನ ಬೆನ್ನಿಗೆ ನಿಂತರು. ಅಣ್ಣನ ನೆರವಿನಿಂದ ಲಕ್ಷ್ಮಣರಾಯರು ಮುಂಬಯಿಯ ಜೆ.ಜೆ. ಕಲಾಶಾಲೆಯನ್ನು ಸೇರಿದರು. ಅಲ್ಲಿ ಒಂದು ಕಹಿ ಸತ್ಯ ಗೊತ್ತಾಯಿತು. ಅವರ ಕಣ್ಣುಗಳು ಕೆಲವು ಬಣ್ಣಗಳ ಭೇದವನ್ನು ಗುರುತಿಸಲಾರವು. ಚಿತ್ರಕಾರನಾಗಬೇಕೆಂದು ಮನೆ ಬಿಟ್ಟು ಬಂದ ತರುಣನಿಗೆ ಇದಕ್ಕಿಂತ ದೊಡ್ಡ ಆಘಾತ ಬೇರೇನಿದೆ! ಆದರೆ ಅವರು ಊರಿಗೆ ಮರಳಲಿಲ್ಲ. ಬಣ್ಣ ಬೇಡದ, ಗೆರೆ ಮತ್ತು ಅಳತೆಗಳಷ್ಟೇ ಬೇಕಾದ ಯಂತ್ರರೇಖನದ ಕಡೆಗೆ ತಿರುಗಿದರು. ಮುಂದೆ ಮುಂಬಯಿಯ ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದೇ ವಿಷಯದ ಉಪಾಧ್ಯಾಯರಾದರು. ಬಿಡುವಿನ ವೇಳೆಯನ್ನೆಲ್ಲ ಸಂಸ್ಥೆಯ ಯಂತ್ರಶಾಲೆಯಲ್ಲಿ ಕಳೆದು, ಕೈಯಿಂದ ಮಾಡಿ ಕಲಿಯಬೇಕಾದುದನ್ನು ಅಲ್ಲಿಯೇ ಕಲಿತರು.

ಮುಂಬಯಿಯ ಬೀದಿಗಳಲ್ಲಿ ಆಗತಾನೆ ಬೈಸಿಕಲ್ ಕಾಣಿಸಿಕೊಂಡಿತ್ತು. ಲಕ್ಷ್ಮಣರಾಯರು ಅಲ್ಲಿಂದ ಬೈಸಿಕಲ್ಲುಗಳನ್ನು ಕೊಂಡು ಬೆಳಗಾವಿಯಲ್ಲಿದ್ದ ಅಣ್ಣನಿಗೆ ಕಳುಹಿಸತೊಡಗಿದರು, ರಾಮುಅಣ್ಣ ಮಾರತೊಡಗಿದರು. ಸವಾರಿಯನ್ನು ಕಲಿಸುವುದೂ ಅವರ ಕೆಲಸವೇ ಆಯಿತು. 1888ರಲ್ಲಿ ಹೀಗೆ ಆರಂಭವಾದ ಅಂಗಡಿಗೆ ಕಿರ್ಲೋಸ್ಕರ್ ಬ್ರದರ್ಸ್ ಎಂದು ಹೆಸರು. ಅಂಗಡಿ ಇದ್ದ ಬೆಳಗಾವಿಯ ರಸ್ತೆಗೆ ಇಂದಿಗೂ ಕಿರ್ಲೋಸ್ಕರ್ ರಸ್ತೆಯೆಂದೇ ಹೆಸರಿದೆ. ಪೇಟೆಗೆ ಹೋಗುವ ನಮ್ಮ ಭಕ್ತರು ಆ ಹೆಸರನ್ನು ದಿನವೂ ಹೇಳುತ್ತಾರೆ, ಅದರ ಹಿಂದಿನ ಸೈಕಲ್ ಅಂಗಡಿಯನ್ನು ಮರೆತಿದ್ದಾರೆ.

ಮುಂಬಯಿಯ ನೌಕರಿ ಕೊನೆಗೊಂಡದ್ದು ಒಂದು ಅವಮಾನದಿಂದ. ತಮಗೆ ಸಲ್ಲಬೇಕಾಗಿದ್ದ ಬಡ್ತಿಯು ಆಂಗ್ಲೋ-ಇಂಡಿಯನ್ ಒಬ್ಬರ ಪಾಲಾದಾಗ ಲಕ್ಷ್ಮಣರಾಯರು ಕೆಲಸಕ್ಕೆ ರಾಜೀನಾಮೆ ಕೊಟ್ಟು ಬೆಳಗಾವಿಗೆ ಬಂದರು. ಪರರ ಕೈಕೆಳಗೆ ಇನ್ನು ದುಡಿಯಬಾರದೆಂಬುದು ಅವರ ಸಂಕಲ್ಪವಾಗಿತ್ತು. ಕೈಯಲ್ಲಿದ್ದ ಬಂಡವಾಳ ಅತ್ಯಲ್ಪ.

ಬೆಳಗಾವಿಯ ಸುತ್ತಲಿನ ಜನ ಒಕ್ಕಲುತನದವರು. ಲಕ್ಷ್ಮಣರಾಯರು ಅವರಿಗಾಗಿ ಮೊದಲು ತಯಾರಿಸಿದ್ದು ಮೇವು ಕತ್ತರಿಸುವ ಯಂತ್ರ. ಜೋಳದ ಕಣಿಕೆಯನ್ನು ಇಡಿಯಾಗಿ ಹಾಕಿದರೆ ದನಗಳು ಎಲೆಯನ್ನು ತಿಂದು ದಂಟನ್ನು ತುಳಿದು ಕೆಡಿಸುತ್ತವೆ. ಕತ್ತರಿಸಿ ಹಾಕಿದರೆ ವ್ಯರ್ಥವಾಗುವುದು ಕಡಿಮೆ. ಬರಗಾಲ ಬೆನ್ನು ಬಿಡದ ನಮ್ಮ ಸೀಮೆಯಲ್ಲಿ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ. ಅನಂತರ ಅವರ ಮನಸ್ಸು ನೇಗಿಲಿನ ಕಡೆಗೆ ಹರಿಯಿತು. ಕಟ್ಟಿಗೆಯ ನೇಗಿಲು ನೆಲವನ್ನು ಸೀಳುತ್ತದೆಯೇ ಹೊರತು ಮಗುಚುವುದಿಲ್ಲ. ಎರೆಭೂಮಿಯಲ್ಲಿ ಆಳಕ್ಕೆ ಬೇರಿಳಿಸಿದ ಕರಿಕೆಯನ್ನು ಅದು ಕೀಳಲಾರದು. ಬಾಗಿದ ಹಲಗೆಯುಳ್ಳ ಕಬ್ಬಿಣದ ರಂಟೆ ಮಣ್ಣನ್ನು ಆಳದಿಂದ ಎತ್ತಿ ಮಗುಚಿ ಹಾಕುತ್ತದೆ. ಬೇರು ಬಿಸಿಲಿಗೆ ಬಿದ್ದು ಸಾಯುತ್ತದೆ. ಇಂಥ ರಂಟೆಗಳು ವಿದೇಶದಿಂದ ಬರುತ್ತಿದ್ದವು. ಅವುಗಳನ್ನು ನೋಡಿ, ನಮ್ಮ ಎತ್ತು ಮತ್ತು ನಮ್ಮ ನೆಲಕ್ಕೆ ಹೊಂದುವಂತೆ ನಮ್ಮವರ ಕೈಯಿಂದಲೇ ಮಾಡಿಸಬೇಕೆಂಬುದು ಲಕ್ಷ್ಮಣರಾಯರ ವಿಚಾರ. ಕಬ್ಬಿಣದ ರಂಟೆಯ ಕಲ್ಪನೆ ಅವರದಲ್ಲ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸುವುದು ಯೋಗ್ಯ. ಕಲ್ಪನೆ ಯಾರದಾದರೂ ಆಗಬಹುದು. ಅದನ್ನು ರೈತನ ಹೊಲದವರೆಗೆ ಮುಟ್ಟಿಸುವುದು ಬೇರೆಯೇ ಸಾಧನೆ.

ರಂಟೆಗಳು ಸಿದ್ಧವಾದವು. ಕೊಳ್ಳುವವರು ಬರಲಿಲ್ಲ. ಕಬ್ಬಿಣ ತಾಗಿದರೆ ಭೂಮಿತಾಯಿಗೆ ವಿಷವೇರುತ್ತದೆ, ಬೆಳೆ ಕೆಡುತ್ತದೆ ಎಂಬ ನಂಬಿಕೆ ರೈತರಲ್ಲಿ ಬಲವಾಗಿತ್ತು. ಮೊದಲ ಕೆಲವು ರಂಟೆಗಳು ಮಾರಾಟವಾಗಲು ಎರಡು ವರ್ಷ ಹಿಡಿಯಿತೆಂಬುದನ್ನು ನೆನೆದರೆ ಆ ಮನೆಯ ಒಲೆ ಹೇಗೆ ಉರಿದಿರಬೇಕೆಂದು ನಾವು ಊಹಿಸಬಹುದು. ಈ ಪ್ರಸಂಗವನ್ನು ಬರೆಯುವವರು ಸಾಮಾನ್ಯವಾಗಿ ರೈತರ ಮೂಢನಂಬಿಕೆಯನ್ನು ಹಳಿದು ಮುಂದೆ ಸಾಗುತ್ತಾರೆ. ನಮಗೆ ಅದು ಪೂರ್ಣ ನ್ಯಾಯವೆಂದು ತೋರುವುದಿಲ್ಲ. ಕಟ್ಟಿಗೆಯ ನೇಗಿಲು ಮುರಿದರೆ ಊರಿನ ಬಡಿಗನಿದ್ದಾನೆ. ಸುಗ್ಗಿಯಲ್ಲಿ ಅವನಿಗೆ ಆಯ ಕೊಟ್ಟರೆ ವರ್ಷವಿಡೀ ಕೆಲಸ ಮಾಡಿಕೊಡುತ್ತಾನೆ. ಕಬ್ಬಿಣದ ರಂಟೆಗೆ ರೊಕ್ಕ ಎಣಿಸಬೇಕು. ಕುಳ ಸವೆದರೆ ಪಟ್ಟಣಕ್ಕೆ ಹೋಗಬೇಕು. ಎಳೆಯಲು ಹೆಚ್ಚು ಎತ್ತುಗಳು ಬೇಕು. ತಪ್ಪಿದರೆ ಒಂದು ವರ್ಷದ ಅನ್ನವೇ ಹೋಯಿತು. ವಿಷದ ಮಾತಿನ ಹಿಂದೆ ಈ ಲೆಕ್ಕವೂ ಇದ್ದಿರಬೇಕು. ಲಕ್ಷ್ಮಣರಾಯರು ರೈತರನ್ನು ಜರಿಯಲಿಲ್ಲ. ಕಾದರು. ಕೊಂಡವರ ಹೊಲದಲ್ಲಿ ಬೆಳೆ ಎದ್ದು ನಿಂತದ್ದನ್ನು ನೆರೆಹೊಲದವರು ಕಂಡ ಮೇಲೆ ಸಂಶಯ ಮೆಲ್ಲಮೆಲ್ಲನೆ ಕರಗಿತು.

ಉದ್ಯಮ ಕಾಲೂರುವ ಹೊತ್ತಿಗೆ ಮತ್ತೊಂದು ಸಂಕಟ ಬಂದೊದಗಿತು. ನಗರದ ವಿಸ್ತರಣೆಗಾಗಿ ಕಾರ್ಖಾನೆಯ ಜಾಗವನ್ನು ತೆರವು ಮಾಡಬೇಕೆಂದು ಪುರಸಭೆಯ ಆದೇಶವಾಯಿತು. ಹೋಗಲು ಜಾಗವಿಲ್ಲ, ಕಟ್ಟಲು ಹಣವಿಲ್ಲ. ಆಗ ಕೈಹಿಡಿದವರು ಔಂಧ ಸಂಸ್ಥಾನದ ಅರಸರಾದ ಬಾಳಾಸಾಹೇಬ ಪಂತ ಪ್ರತಿನಿಧಿ. ಅವರು ಸ್ವತಃ ಚಿತ್ರಕಾರರು. ಸೂರ್ಯನಮಸ್ಕಾರವನ್ನು ಜನರಲ್ಲಿ ಪ್ರಚಾರಗೊಳಿಸಿದವರು. ಮುಂದೆ 1939ರಲ್ಲಿ ತಮ್ಮ ಅಧಿಕಾರವನ್ನೇ ಪ್ರಜೆಗಳಿಗೆ ಒಪ್ಪಿಸಿದ ವಿರಳ ಅರಸರು. ಔಂಧದಲ್ಲಿ ಸಭಾಮಂಟಪವೊಂದನ್ನು ಕಟ್ಟುವ ಕೆಲಸವನ್ನು ಲಕ್ಷ್ಮಣರಾಯರಿಗೆ ವಹಿಸಿದ್ದ ಅವರು, ಅವರ ಸಂಕಷ್ಟವನ್ನರಿತು ಸಂಸ್ಥಾನದಲ್ಲಿ ಭೂಮಿಯನ್ನೂ ಬಡ್ಡಿಯಿಲ್ಲದೆ ಸಾಲವನ್ನೂ ಒದಗಿಸಿದರು.

ದೊರೆತದ್ದು ಕುಂಡಲ ರೋಡ್ ಎಂಬ ಸಣ್ಣ ರೈಲು ನಿಲ್ದಾಣದ ಬಳಿಯ 32 ಎಕರೆ ಬರಡು ನೆಲ. ಪಾಪಾಸುಕಳ್ಳಿ ಬೆಳೆದು, ಹಾವುಗಳು ತುಂಬಿದ್ದ ಜಾಗ. 1910ರಲ್ಲಿ ಸುಮಾರು ಇಪ್ಪತ್ತೈದು ಕೆಲಸಗಾರರು ಮತ್ತು ಅವರ ಕುಟುಂಬಗಳೊಡನೆ ಲಕ್ಷ್ಮಣರಾಯರು ಅಲ್ಲಿಗೆ ಹೋದರು. ಮೊದಲು ಕಳ್ಳಿ ಕಡಿದರು, ಆಮೇಲೆ ಕುಲುಮೆ ಹೂಡಿದರು. ಇಂದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿರುವ ಕಿರ್ಲೋಸ್ಕರವಾಡಿ ಹುಟ್ಟಿದ್ದು ಹೀಗೆ. ರೈಲು ನಿಲ್ದಾಣದ ಹೆಸರೂ ಕಾಲಕ್ರಮದಲ್ಲಿ ಅದೇ ಆಯಿತು.

ಯುರೋಪು ಅಮೆರಿಕಗಳಲ್ಲಿ ಕಾರ್ಖಾನೆಯ ಸುತ್ತ ಕೆಲಸಗಾರರಿಗಾಗಿಯೇ ಊರುಗಳನ್ನು ಕಟ್ಟಿದ ಸಂಗತಿಯನ್ನು ಲಕ್ಷ್ಮಣರಾಯರು ಪುಸ್ತಕ ಪತ್ರಿಕೆಗಳಲ್ಲಿ ಓದಿ ತಿಳಿದಿದ್ದರು. ತಾವೂ ಅಂಥದೊಂದು ಊರನ್ನು ಕಟ್ಟಬೇಕೆಂಬುದು ಅವರ ಬಹುದಿನದ ಕನಸು. ಅದನ್ನು ನನಸು ಮಾಡಲು ಅವರು ಆರಿಸಿಕೊಂಡ ಜನರನ್ನು ನೋಡಿದರೆ ಇಂದಿನ ಉದ್ಯಮಿಗಳಿಗೆ ಅಚ್ಚರಿಯಾದೀತು. ಊರಿನ ಯೋಜನೆ ಮತ್ತು ಆಡಳಿತ ಅಣ್ಣ ರಾಮುಅಣ್ಣನದು. ಲೆಕ್ಕಪತ್ರ ಮಂಗೇಶರಾವ್ ರೇಗೆ ಅವರದು. ಶಂಭೋರಾವ್ ಜಾಂಭೇಕರ್ ಯಂತ್ರಗಳನ್ನು ನೋಡಿಕೊಂಡರು. ಅನಂತರಾವ್ ಫಳಣೀಕರ್ ಶಾಲೆಯನ್ನು ಅರ್ಧಕ್ಕೆ ಬಿಟ್ಟವರು. ಕೈಯಲ್ಲಿ ಯಾವ ಪ್ರಮಾಣಪತ್ರವೂ ಇಲ್ಲ. ಆದರೆ ಯಂತ್ರದ ಮರ್ಮವನ್ನು ಬಲ್ಲವರು. ಲಕ್ಷ್ಮಣರಾಯರು ಅವರ ಬುದ್ಧಿಗೆ ಕೆಲಸ ಕೊಟ್ಟರು, ಕಾಗದವನ್ನು ಕೇಳಲಿಲ್ಲ.

ಇನ್ನಿಬ್ಬರ ವಿಷಯ ಇದಕ್ಕೂ ಮಿಗಿಲು. ತುಕಾರಾಮ ರಾಮೋಶಿ ಮತ್ತು ಪಿರ್ಯಾ ಮಾಂಗ ದರೋಡೆಯ ಆರೋಪ ಹೊತ್ತು ಸೆರೆಮನೆ ಕಂಡು ಬಂದವರು. ಕೆಲವು ಸಮುದಾಯಗಳನ್ನೇ ಇಡಿಯಾಗಿ ಅಪರಾಧಿಗಳೆಂದು ಬ್ರಿಟಿಷ್ ಕಾನೂನು ಪಟ್ಟಿಮಾಡುತ್ತಿದ್ದ ಕಾಲವದು. ಇಂಥ ಇಬ್ಬರನ್ನು ಲಕ್ಷ್ಮಣರಾಯರು ನೇಮಿಸಿಕೊಂಡದ್ದು ಊರಿನ ಕಾವಲಿಗೆ! ಜನರ ಪ್ರಾಣ, ಕಾರ್ಖಾನೆಯ ಸೊತ್ತು ರಾತ್ರಿಯ ಹೊತ್ತು ಅವರ ಕೈಯಲ್ಲಿ. ಅವರು ಆ ವಿಶ್ವಾಸವನ್ನು ಉಳಿಸಿಕೊಂಡರು. ಕಿರ್ಲೋಸ್ಕರವಾಡಿಯಲ್ಲಿ ಅಸ್ಪೃಶ್ಯತೆಯ ಆಚರಣೆಯನ್ನು ನಿಷೇಧಿಸಲಾಗಿತ್ತು. ಮಾದಾರ ಧೂಳಯ್ಯನವರನ್ನೂ ನುಲಿಯ ಚಂದಯ್ಯನವರನ್ನೂ ಅನುಭವ ಮಂಟಪದಲ್ಲಿ ಸರಿಸಾಟಿಯಾಗಿ ಕೂರಿಸಿದ ಪರಂಪರೆಯವರು ನಾವೆಂದು ಹೆಮ್ಮೆಪಡುತ್ತೇವೆ. ಅದೇ 1910ರ ಸುಮಾರಿಗೆ ನಮ್ಮ ಊರುಗಳ ಬಾವಿಕಟ್ಟೆಗಳಲ್ಲಿ ಏನು ನಡೆಯುತ್ತಿತ್ತೆಂಬುದನ್ನು ಕೇಳಿಕೊಂಡರೆ ಆ ಹೆಮ್ಮೆ ಸ್ವಲ್ಪ ತಗ್ಗುತ್ತದೆ.

ಮೊದಲ ಮಹಾಯುದ್ಧ ಬಂದಾಗ ವಿದೇಶಿ ರಂಟೆಗಳ ಆಮದು ಕುಗ್ಗಿ ಕಿರ್ಲೋಸ್ಕರ್ ರಂಟೆಗೆ ಬೇಡಿಕೆ ಏರಿತು. ಅದೇ ಯುದ್ಧದಿಂದ ಕಬ್ಬಿಣ, ಕಲ್ಲಿದ್ದಲು, ಬಣ್ಣ ಎಲ್ಲವೂ ದುರ್ಲಭವಾದವು. ಸಿಕ್ಕಿದ್ದರಲ್ಲಿಯೇ ಕೆಲಸ ಸಾಗಿಸುವ ಉಪಾಯಗಳನ್ನು ಹುಡುಕುತ್ತ ಕಾರ್ಖಾನೆ ಉಳಿಯಿತು, ಬೆಳೆಯಿತು. 1920ರಲ್ಲಿ ಅದು ಕಂಪನಿಯಾಗಿ ನೋಂದಣಿಯಾಯಿತು. ಕಬ್ಬು ಅರೆಯುವ ಗಾಣ, ಶೇಂಗಾ ಸುಲಿಯುವ ಯಂತ್ರ, ನೀರೆತ್ತುವ ಪಂಪು ಒಂದೊಂದಾಗಿ ಹೊರಬಂದವು. ಇವೆಲ್ಲವೂ ರೈತನಿಗೆ ಬೇಕಾದವೇ ಎಂಬುದನ್ನು ಗಮನಿಸಬೇಕು. ಹಿರಿಯ ಮಗ ಶಂತನುರಾಯರು ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಓದಿ 1926ರಲ್ಲಿ ಮರಳಿದ ಮೇಲೆ ಉದ್ಯಮದ ವೇಗ ಹೆಚ್ಚಿತು. ಅದೇ ಮನೆತನದ ಶಂಕರರಾವ್ ಕಿರ್ಲೋಸ್ಕರ್ ಅವರು ಅಲ್ಲಿಂದಲೇ ಹೊರಡಿಸಿದ ಮರಾಠಿ ಮಾಸಪತ್ರಿಕೆ ವಿಚಾರಶೀಲ ಓದುಗರ ಮನೆಮಾತಾಯಿತು.

ಇಷ್ಟು ಲಾಭ, ಇಷ್ಟು ವಿಸ್ತಾರ ಕಾಯಕವೆನಿಸೀತೆ ಎಂದು ಕೆಲವು ಭಕ್ತರು ಕೇಳಬಹುದು. ಪ್ರಶ್ನೆ ಸಹಜವಾದುದೇ. ಅಗತ್ಯಕ್ಕಿಂತ ಒಂದು ಹಿಡಿ ಅಕ್ಕಿ ಹೆಚ್ಚು ತಂದ ಗಂಡನನ್ನು ಹಿಂದಕ್ಕೆ ಕಳುಹಿಸಿದ ಆಯ್ದಕ್ಕಿ ಲಕ್ಕಮ್ಮನವರ ಅಳತೆಗೆ ಯಾವ ಕಾರ್ಖಾನೆಯೂ ನಿಲ್ಲಲಾರದು. ಯಂತ್ರ ಕೊಳ್ಳಲು ಬಂಡವಾಳ ಕೂಡಿಸಲೇಬೇಕು. ಆದರೆ ಕೂಡಿಸಿದ್ದು ಎಲ್ಲಿಗೆ ಹೋಯಿತೆಂದು ಕೇಳುವ ಹಕ್ಕು ಲಕ್ಕಮ್ಮನವರ ಮಕ್ಕಳಾದ ನಮಗಿದೆ. ಕಿರ್ಲೋಸ್ಕರವಾಡಿಯ ಮಟ್ಟಿಗೆ ಅದರಲ್ಲೊಂದು ಪಾಲು ಕೆಲಸಗಾರರ ಮನೆ, ಶಾಲೆ, ಬೀದಿಗಳಾಗಿ ಕಣ್ಣೆದುರಿಗೆ ನಿಂತಿತು.

ಬೆಳಗಾವಿಯನ್ನು ಬಿಟ್ಟುಹೋದ ಉದ್ಯಮ ಕನ್ನಡ ನಾಡಿಗೆ ಮರಳಿತು. 1941ರಲ್ಲಿ ತುಂಗಭದ್ರೆಯ ದಂಡೆಯ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪನೆಯಾಗಿ ಲೇತ್ ಯಂತ್ರಗಳನ್ನು ತಯಾರಿಸತೊಡಗಿತು. ಎರಡನೆಯ ಮಹಾಯುದ್ಧದ ತರುವಾಯ, 1946ರಲ್ಲಿ, ಬೆಂಗಳೂರಿನಲ್ಲಿ ವಿದ್ಯುತ್ ಮೋಟಾರುಗಳ ಕಾರ್ಖಾನೆ ಆರಂಭವಾಯಿತು. ಹರಿಹರದ ಸುತ್ತಲಿನ ಒಕ್ಕಲು ಮನೆತನಗಳ ಮಕ್ಕಳು ಮೊದಲ ಬಾರಿಗೆ ಸೈರನ್ನಿನ ಸದ್ದಿಗೆ ಎದ್ದು ಡಬ್ಬಿ ಕಟ್ಟಿಕೊಂಡು ಪಾಳಿಗೆ ಹೋದದ್ದು, ತಿಂಗಳ ಸಂಬಳ ಎಣಿಸಿದ್ದು ಆ ಕಾರ್ಖಾನೆಯಿಂದ. ಈಗ ಅದು ಮುಚ್ಚಿಹೋಗಿದೆ. ಅದನ್ನು ನಂಬಿದ್ದ ಮನೆಗಳ ಕಷ್ಟವನ್ನು ಆ ಭಾಗದ ಭಕ್ತರು ಬಲ್ಲರು.

ಲಕ್ಷ್ಮಣರಾಯರು ತಮ್ಮ ಇಳಿವಯಸ್ಸಿನಲ್ಲಿ ದೇಶ ಸ್ವತಂತ್ರವಾದುದನ್ನೂ, ತಮ್ಮ ಹೆಸರಿನ ಪಂಪುಗಳು ಊರೂರಿನ ಬಾವಿಗಳಿಂದ ನೀರೆತ್ತುವುದನ್ನೂ ಕಂಡರು. 1956ರ ಸೆಪ್ಟೆಂಬರ್ 26ರಂದು ಅವರು ದೇಹ ಬಿಟ್ಟರು. ಅದಾದ ಐದು ವಾರಗಳಲ್ಲಿ, ನವೆಂಬರ್ 1ರಂದು, ಅವರು ಹುಟ್ಟಿದ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಿಂದ ಬೇರ್ಪಟ್ಟು ಕನ್ನಡಿಗರ ಹೊಸ ರಾಜ್ಯಕ್ಕೆ ಸೇರಿತು. 1969ರಲ್ಲಿ, ಅವರ ಜನ್ಮಶತಾಬ್ದಿಯ ವರ್ಷ, ಭಾರತ ಸರ್ಕಾರ ಅವರ ಹೆಸರಿನಲ್ಲಿ ಅಂಚೆಚೀಟಿಯನ್ನು ಹೊರತಂದಿತು.