ಸರ್ ರಾಬರ್ಟ್ ಮೆಕ್ಯಾರಿಸನ್: ಅನ್ನವೂ ಸಂತಾನವೂ

ನಮ್ಮ ಗಿಲ್ಲೆಸುಗೂರು ಸೀಮೆಯಲ್ಲಿ ಮದುವೆಯಾಗಿ ಮೂರು ವರ್ಷ ಕಳೆದರೂ ಮನೆಯಲ್ಲಿ ತೊಟ್ಟಿಲು ತೂಗದಿದ್ದರೆ ಸೊಸೆಯನ್ನು ಮೊದಲು ಗುಡಿಗೂ ಆಮೇಲೆ ದವಾಖಾನೆಗೂ ಕರೆದೊಯ್ಯುವರು. ಅವಳು ಏನುಂಡು ಬೆಳೆದಳು, ಅವಳ ಗಂಡನು ಏನುಣ್ಣುವನು ಎಂದು ಯಾರೂ ಕೇಳುವುದಿಲ್ಲ. ನನ್ನ ಸಣ್ಣವ್ವ ಇಂಥ ಮಾತುಗಳನ್ನು ಕೇಳುತ್ತಲೇ ಸವೆದುದನ್ನು ನಾನು ಬಾಲ್ಯದಿಂದ ಕಂಡಿದ್ದೇನೆ. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿನವಳಾದುದರಿಂದ ಈ ವಿಷಯವನ್ನು ಪುಸ್ತಕಗಳಲ್ಲಿ ಹುಡುಕುವ ಭಾಗ್ಯ ನನಗೆ ದೊರೆಯಿತು. ಹಾಗೆ ಹುಡುಕುವಾಗ ಕಂಡ ಒಬ್ಬ ವೈದ್ಯರ ಚರಿತ್ರೆಯನ್ನು ವಾಚಕರ ಮುಂದಿಡುತ್ತಿದ್ದೇನೆ.

ರಾಬರ್ಟ್ ಮೆಕ್ಯಾರಿಸನ್ನರು ೧೮೭೮ರ ಮಾರ್ಚ್ ೧೫ರಂದು ಐರ್ಲೆಂಡಿನ ಪೋರ್ಟಡೌನ್ ಎಂಬಲ್ಲಿ ಜನಿಸಿದರು. ಬೆಲ್‌ಫಾಸ್ಟಿನಲ್ಲಿ ೧೯೦೦ರಲ್ಲಿ ವೈದ್ಯ ಪದವಿ ಪಡೆದು, ಮರುವರ್ಷ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿ ಹಡಗು ಹತ್ತಿದರು. ವಾಯವ್ಯದ ಚಿತ್ರಾಲ್, ಗಿಲ್ಗಿಟ್ ಕಣಿವೆಗಳಲ್ಲಿ ಅವರಿಗೆ ಎಲ್ಲೆಲ್ಲೂ ಗಳಗಂಡ ರೋಗ ಕಂಡಿತು. ಆ ರೋಗವಿದ್ದ ತಾಯಂದಿರಿಗೆ ಮೈಯೂ ಬುದ್ಧಿಯೂ ಬೆಳೆಯದ ಮಕ್ಕಳು ಹುಟ್ಟುತ್ತಿದ್ದುದನ್ನು ಅವರು ೧೯೦೮ರಲ್ಲಿ ಬರೆದು ಪ್ರಕಟಿಸಿದರು. ಅಲ್ಲಿಯ ನೀರಿನ ಗಸಿಯನ್ನು ತಾವೇ ಕುಡಿದು ಗಂಟಲು ಊದುವುದೋ ಎಂದು ಪರೀಕ್ಷಿಸಿದ ಸಾಹಸಿ ಇವರು. ಕೊಳೆ ನೀರೇ ಕಾರಣವೆಂದು ಅವರು ನಂಬಿದ್ದರು. ಅಯೋಡಿನ್ ಕೊರತೆಯೇ ಮುಖ್ಯ ಕಾರಣವೆಂಬುದು ಮುಂದೆ ಸ್ಥಿರಪಟ್ಟಿತು. ಆದರೆ ತಾಯಿಯ ದೇಹದ ಕೊರತೆ ಮಗುವಿಗೆ ಇಳಿಯುತ್ತದೆಂಬ ಅವರ ಗ್ರಹಿಕೆ ಮಾತ್ರ ಸುಳ್ಳಾಗಲಿಲ್ಲ.

೧೯೧೮ರಲ್ಲಿ ನೀಲಗಿರಿಯ ಕೂನೂರಿನಲ್ಲಿ, ಪಾಶ್ಚರ್ ಸಂಸ್ಥೆಯ ಒಂದೇ ಒಂದು ಕೋಣೆಯಲ್ಲಿ, ಬೆರಿಬೆರಿ ರೋಗದ ಶೋಧನೆಗೆ ತೊಡಗಿದರು. ಗಿರಣಿಯಲ್ಲಿ ತೌಡು ಕಳೆದು, ಹಬೆಯ ಒತ್ತಡದಲ್ಲಿ ಬೇಯಿಸಿದ ಅಕ್ಕಿಯನ್ನಷ್ಟೇ ಪಾರಿವಾಳಗಳಿಗೆ ಹಾಕಿದರು. ಸತ್ತ ಹಕ್ಕಿಗಳನ್ನು ಕೊಯ್ದು ಒಂದೊಂದು ಅಂಗವನ್ನೂ ತೂಗಿದರು. ಮಿದುಳಿನ ತೂಕ ಹೆಚ್ಚು ಇಳಿದಿರಲಿಲ್ಲ. ಬಹಳ ಕುಗ್ಗಿದ ಅಂಗಗಳ ಸಾಲಿನಲ್ಲಿ ಸಂತಾನದ ಅಂಗಗಳಿದ್ದವು. ಅವುಗಳಲ್ಲಿಯೂ ಗಂಡು ಹಕ್ಕಿಯ ವೃಷಣಗಳು ಹೆಣ್ಣು ಹಕ್ಕಿಯ ಅಂಡಾಶಯಕ್ಕಿಂತ ಹೆಚ್ಚಾಗಿ ಕುಗ್ಗಿದ್ದವು. ಅಂಥ ಹಕ್ಕಿಗೆ ಹಸಿವೇ ಸತ್ತುಹೋಗುವುದರಿಂದ ಇದರಲ್ಲಿ ಉಪವಾಸದ ಪಾಲೂ ಉಂಟೆಂಬುದನ್ನು ಮರೆಯಬಾರದು. ಹೇಗೂ ಇರಲಿ, ದೇಹಕ್ಕೆ ಬಡತನ ಬಂದಾಗ ಅದು ಜೀವವನ್ನು ಹಿಡಿದುಕೊಂಡು ಪೀಳಿಗೆಯನ್ನು ಕೈಬಿಡುತ್ತದೆಂಬುದು ಆ ತಕ್ಕಡಿಯಲ್ಲಿ ಕಂಡಿತು. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ನಮ್ಮ ಜಿಲ್ಲೆಯ ಎಷ್ಟೋ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ರಾಯಚೂರಿನ ಗಿರಣಿಗಳಿಂದ ಮಲ್ಲಿಗೆಯಂಥ ಬಿಳಿ ಅಕ್ಕಿ ಬರುತ್ತದೆ. ತೌಡು ಮಾತ್ರ ಎಮ್ಮೆಯ ಪಾಲಿಗೆ!

ಸರ್ಕಾರದ ಮಿತವ್ಯಯದಿಂದ ೧೯೨೩ರಲ್ಲಿ ನಿಂತುಹೋದ ಕೆಲಸ ೧೯೨೫ರಲ್ಲಿ ಮತ್ತೆ ಆರಂಭವಾಯಿತು. ಆ ಮೇಲಿನ ಪ್ರಯೋಗವೊಂದು ಕನ್ನಡಿಗರಿಗೆ ಸ್ವಾರಸ್ಯದ್ದು. ಎಳೆಯ ಇಲಿಗಳ ಏಳು ಗುಂಪು ಮಾಡಿ, ಸಿಖ್ಖರು, ಪಠಾಣರು, ಮರಾಠರು, ಗೂರ್ಖರು, ಕನ್ನಡಿಗರು, ಬಂಗಾಳಿಗಳು, ಮದ್ರಾಸಿಗಳು ಉಣ್ಣುವ ಊಟವನ್ನು ಒಂದೊಂದು ಗುಂಪಿಗೆ ಹಾಕಿದರು. ಕಡೆಗೆ ತೂಗಿದಾಗ ಸಿಖ್ಖರ ಊಟದ ಇಲಿ ಸರಾಸರಿ ೨೩೫ ಗ್ರಾಂ, ನಮ್ಮ ಊಟದ್ದು ೧೮೫, ಮದ್ರಾಸಿನದು ೧೫೫. ನಮಗೆ ಐದನೆಯ ಸ್ಥಾನವೆಂದು ಓದಿ ನನಗೆ ಸಿಟ್ಟೇ ಬಂದಿತು. ಇಲಿಯ ತೂಕದಿಂದ ಜನರ ಯೋಗ್ಯತೆಯನ್ನು ಅಳೆಯಲಾಗದು. ಸೈನ್ಯಕ್ಕೆ ಜನ ಆರಿಸುತ್ತಿದ್ದ ಆಂಗ್ಲರಿಗೆ ಈ ಪಟ್ಟಿ ಹಿತವಾಗಿಯೂ ಇದ್ದಿರಬೇಕು. ಆದರೆ ವ್ಯತ್ಯಾಸ ಕುಲದ್ದಲ್ಲ, ಇಲಿಗಳೆಲ್ಲ ಒಂದೇ ಜಾತಿ. ವ್ಯತ್ಯಾಸವಿದ್ದುದು ಇಡೀ ಗೋಧಿ, ಹಾಲು, ಬೆಣ್ಣೆ, ಬೇಳೆ, ಹಸಿ ತರಕಾರಿಗಳಲ್ಲಿ. ಅಂಥದೇ ಊಟವನ್ನು ತಮ್ಮ ಪ್ರಯೋಗಶಾಲೆಯ ಸಾಕಿದ ಇಲಿಗಳಿಗೆ ಕೊಟ್ಟಾಗ, ಎರಡು ವರ್ಷಕ್ಕೂ ಮಿಕ್ಕಿದ ಅವಧಿಯಲ್ಲಿ ದೊಡ್ಡವು ರೋಗದಿಂದ ಸಾಯಲಿಲ್ಲ. ಅಕಸ್ಮಾತ್ ಸತ್ತವನ್ನು ಬಿಟ್ಟರೆ ಮರಿಗಳೂ ಸಾಯಲಿಲ್ಲ.

೧೯೨೯ರಲ್ಲಿ ಲೂಸಿ ವಿಲ್ಸ್ ಎಂಬ ವೈದ್ಯೆ ಕೂನೂರಿಗೆ ಬಂದು ಕೆಲಸ ಮಾಡಿದರು. ಮುಂಬಯಿಯ ಬಡ ಗರ್ಭಿಣಿಯರ ರಕ್ತಹೀನತೆಗೆ ಊಟದ ಕೊರತೆ ಕಾರಣವೆಂದೂ, ಯೀಸ್ಟಿನ ಸಾರದಿಂದ ಅದು ಗುಣವಾಗುವುದೆಂದೂ ಅವರು ೧೯೩೧ರಲ್ಲಿ ತೋರಿಸಿಕೊಟ್ಟರು. ಆ ಸಾರದಲ್ಲಿದ್ದ ಗುಣವಸ್ತುವೇ ಇಂದು ಗರ್ಭಿಣಿಯರಿಗೆ ಕಬ್ಬಿಣದೊಡನೆ ಗುಳಿಗೆಯಾಗಿ ಸಿಗುವ ಫೋಲಿಕ್ ಆಮ್ಲ. ಮನುಷ್ಯರ ವಿಷಯದಲ್ಲಿ ಇನ್ನೂ ಕಠೋರವಾದ ಸಾಕ್ಷ್ಯ ಯುದ್ಧದಿಂದ ಬಂತು. ೧೯೪೪-೪೫ರ ಚಳಿಗಾಲದಲ್ಲಿ ಹಾಲೆಂಡಿನಲ್ಲಿ ಕ್ಷಾಮ ಬಿದ್ದು, ಒಂಬತ್ತು ತಿಂಗಳ ತರುವಾಯ ಹೆರಿಗೆಗಳು ತೀರ ಇಳಿದುಹೋದವು. ಅನ್ನ ದೊರೆತ ಮೇಲೆ ಮತ್ತೆ ಏರಿದವು. ಮಕ್ಕಳಾಗದಿರುವುದಕ್ಕೆಲ್ಲ ಊಟವೇ ಕಾರಣವೆಂದು ಇದರ ಅರ್ಥವಲ್ಲ. ಸೋಂಕು, ನಾಳಗಳ ಅಡಚಣೆ ಮೊದಲಾದ ಬೇರೆ ಕಾರಣಗಳೂ ಇವೆ; ಅವು ಗಂಡಸರಲ್ಲಿಯೂ ಇರುತ್ತವೆ.

ಮೆಕ್ಯಾರಿಸನ್ನರಿಗೆ ೧೯೩೩ರಲ್ಲಿ ಸರ್ ಪದವಿ ಬಂದಿತು. ೧೯೩೫ರಲ್ಲಿ ನಿವೃತ್ತರಾಗಿ ಸ್ವದೇಶಕ್ಕೆ ಮರಳಿ, ೧೯೬೦ರ ಮೇ ೧೮ರಂದು ಆಕ್ಸ್‌ಫರ್ಡಿನಲ್ಲಿ ತೀರಿಕೊಂಡರು. ಅವರ ಒಂದು ಕೋಣೆಯ ಶಾಲೆ ಬೆಳೆದು ೧೯೫೮ರಲ್ಲಿ ಹೈದರಾಬಾದಿಗೆ ಬಂದು, ರಾಷ್ಟ್ರೀಯ ಪೋಷಣ ಸಂಸ್ಥೆಯೆಂಬ ಹೆಸರು ಪಡೆದಿದೆ. ರಾಯಚೂರಿನಲ್ಲಿ ರೈಲು ಹತ್ತಿದರೆ ಅರ್ಧ ದಿನದೊಳಗೆ ಅಲ್ಲಿಗೆ ತಲುಪಬಹುದು.

ಕಳೆದ ರಜೆಯಲ್ಲಿ ಊರಿಗೆ ಹೋದಾಗ, ರೊಟ್ಟಿ ಬಡಿಯುತ್ತಿದ್ದ ಸಣ್ಣವ್ವನ ಬಳಿ ಕುಳಿತು ಪಾರಿವಾಳಗಳ ಸಂಗತಿಯನ್ನು ಹೇಳಿದೆ. ಹೆಚ್ಚು ಕುಗ್ಗಿದ್ದು ಗಂಡು ಹಕ್ಕಿಯದೆಂಬುದನ್ನು ಅವಳು ನನ್ನಿಂದ ಎರಡು ಸಲ ಹೇಳಿಸಿದಳು.