ಸೀಸದ ಕಡ್ಡಿಯಲ್ಲಿ ಬರೆದ ಅರ್ಜಿ

ಮಹನೀಯರ ಚರಿತೆಗಳ ನಡುವೆ ಕ್ಲಾರೆನ್ಸ್ ಅರ್ಲ್ ಗಿಡಿಯನ್ನನಿಗೆ ಎಡೆಯುಂಟೇ ಎಂದು ವಾಚಕರು ಶಂಕಿಸಬಹುದು. 1910ರಲ್ಲಿ ಅಮೆರಿಕದ ಮಿಸೌರಿ ಸಂಸ್ಥಾನದ ಹ್ಯಾನಿಬಲ್ ಪಟ್ಟಣದಲ್ಲಿ ಜನಿಸಿದ ಈತನು ಶೈಶವದಲ್ಲಿಯೇ ತಂದೆಯನ್ನು ಕಳೆದುಕೊಂಡು, ಹದಿಹರೆಯದಲ್ಲಿ ಮನೆ ತೊರೆದು ಅಲೆದನು. ಎಂಟನೆಯ ತರಗತಿಗೆ ಓದು ನಿಂತಿತು. ಕಳವಿಗಾಗಿ ಹಲವು ಬಾರಿ ಸೆರೆಮನೆಯನ್ನೂ ಕಂಡವನು. ಅದನ್ನು ಮರೆಮಾಚಿ ಸಂತನೆಂದು ಚಿತ್ರಿಸುವುದು ಸಲ್ಲದು.

1961ರ ಜೂನ್ 3ರಂದು ಫ್ಲಾರಿಡಾ ಸಂಸ್ಥಾನದ ಪನಾಮಾ ಸಿಟಿಯಲ್ಲಿ ಬಿಲಿಯರ್ಡ್ಸ್ ಆಡುವ ಮನೆಯೊಂದರಲ್ಲಿ ಕಳವಾಯಿತು. ನಸುಕಿನಲ್ಲಿ ಗಿಡಿಯನ್ನನನ್ನು ಅಲ್ಲಿ ಕಂಡೆನೆಂದು ಒಬ್ಬನು ಸಾಕ್ಷಿ ನುಡಿದನು. ವಕೀಲರನ್ನಿಡಲು ಹಣವಿಲ್ಲ, ನ್ಯಾಯಾಲಯವೇ ಒಬ್ಬರನ್ನು ನೇಮಿಸಬೇಕೆಂದು ಆರೋಪಿಯು ಬೇಡಿದನು. ಮರಣದಂಡನೆಯ ಮೊಕದ್ದಮೆಗಳಿಗಲ್ಲದೆ ಅಲ್ಲಿನ ಕಾನೂನು ಅದಕ್ಕೆ ಅವಕಾಶ ಕೊಟ್ಟಿರಲಿಲ್ಲ. ಗಿಡಿಯನ್ನನು ತಾನೇ ವಾದಿಸಿದನು. ಸಾಕ್ಷಿಗಳನ್ನು ಕರೆಸಿ ಪ್ರಶ್ನಿಸಿದನು. ಆದರೆ ಪಾಟೀಸವಾಲೆಂಬುದು ಗುರುಮುಖದಿಂದ ಕಲಿತು ಅಭ್ಯಾಸದಿಂದ ಪಳಗಬೇಕಾದ ವಿದ್ಯೆ. ಎದುರು ಕಕ್ಷಿಯಲ್ಲಿ ನುರಿತ ಸರಕಾರಿ ವಕೀಲರಿದ್ದರು. ಐದು ವರ್ಷಗಳ ಶಿಕ್ಷೆಯಾಯಿತು.

ಸೆರೆಮನೆಯ ಪುಸ್ತಕಾಲಯದಲ್ಲಿ ಕಾನೂನಿನ ಗ್ರಂಥಗಳನ್ನು ತಿರುವಿಹಾಕಿದ ಆತನು, 1962ರ ಜನವರಿಯಲ್ಲಿ ಅಲ್ಲಿ ದೊರೆತ ಕಾಗದದ ಮೇಲೆ ಸೀಸದ ಕಡ್ಡಿಯಿಂದ ಅರ್ಜಿ ಬರೆದು ದೇಶದ ಸರ್ವೋಚ್ಚ ನ್ಯಾಯಾಲಯಕ್ಕೆ ಕಳುಹಿಸಿದನು. ಬಡವರ ಅರ್ಜಿಗಳನ್ನು ಶುಲ್ಕವಿಲ್ಲದೆ ಸ್ವೀಕರಿಸುವ ಪದ್ಧತಿ ಅಲ್ಲಿದ್ದುದು ಪುಣ್ಯವೆನ್ನಬೇಕು. ನ್ಯಾಯಾಲಯವು ಏಬ್ ಫೋರ್ಟಾಸ್ ಎಂಬ ಪ್ರಖ್ಯಾತ ನ್ಯಾಯವಾದಿಯನ್ನು ಆತನ ಪರವಾಗಿ ನೇಮಿಸಿತು. 1963ರ ಮಾರ್ಚ್ 18ರಂದು ಒಂಬತ್ತು ನ್ಯಾಯಮೂರ್ತಿಗಳೂ ಒಮ್ಮತದಿಂದ, ಗುರುತರ ಅಪರಾಧದ ಆರೋಪ ಹೊತ್ತ ನಿರ್ಧನನಿಗೆ ಸಂಸ್ಥಾನವು ವಕೀಲರನ್ನು ಒದಗಿಸಲೇಬೇಕೆಂದು ವಿಧಿಸಿದರು. 1942ರಲ್ಲಿ ತಾವೇ ಕೊಟ್ಟಿದ್ದ ತೀರ್ಪನ್ನು ಆ ಪೀಠವು ತಳ್ಳಿಹಾಕಿತು.

ಅದೇ ಆಗಸ್ಟ್‌ನಲ್ಲಿ ಮರುವಿಚಾರಣೆ ನಡೆಯಿತು. ಅದೇ ಊರು, ಅದೇ ನ್ಯಾಯಾಧೀಶರು, ಅದೇ ಮುಖ್ಯ ಸಾಕ್ಷಿ. ಈ ಸಲ ಫ್ರೆಡ್ ಟರ್ನರ್ ಎಂಬ ಸ್ಥಳೀಯ ವಕೀಲರು ಪಾಟೀಸವಾಲು ಮಾಡಿದರು. ಆ ಸಾಕ್ಷಿಯೇ ಕಳ್ಳರಿಗೆ ಕಾವಲು ನಿಂತಿದ್ದನೇನೋ ಎಂಬ ಸಂದೇಹವನ್ನು ಅವರು ಜ್ಯೂರಿಯವರ ಮನಸ್ಸಿನಲ್ಲಿ ಹುಟ್ಟಿಸಿದರು. ಸುಮಾರು ಒಂದು ತಾಸಿನ ಸಮಾಲೋಚನೆಯಲ್ಲಿ ಗಿಡಿಯನ್ನನು ನಿರ್ದೋಷಿಯೆಂದು ನಿರ್ಣಯವಾಯಿತು.

ಫ್ಲಾರಿಡಾದಲ್ಲಿಯೇ ಸುಮಾರು 2000 ಬಂದಿಗಳಿಗೆ ಈ ತೀರ್ಪಿನಿಂದ ಬಿಡುಗಡೆ ದೊರೆಯಿತು. ನಮ್ಮ ಸರ್ವೋಚ್ಚ ನ್ಯಾಯಾಲಯವೂ 1979ರಲ್ಲಿ ಬಿಹಾರದ ವಿಚಾರಣಾಧೀನ ಬಂದಿಗಳ ಪ್ರಕರಣದಲ್ಲಿ ಇದನ್ನು ಸ್ಮರಿಸಿತು. ಆದರೆ ಈ ಹಕ್ಕು ಕ್ರಿಮಿನಲ್ ಮೊಕದ್ದಮೆಗಳಿಗೆ ಸೀಮಿತ. ಬಾಡಿಗೆ ಮನೆಯಿಂದ ಹೊರದೂಡಲ್ಪಡುವ ಬಡವನು, ಸಾಲದ ದಾವೆಗೆ ಸಿಕ್ಕಿದ ಕೂಲಿಕಾರನು ಅಮೆರಿಕದಲ್ಲಿ ಇಂದಿಗೂ ಬಹುಮಟ್ಟಿಗೆ ಒಂಟಿಯಾಗಿಯೇ ನ್ಯಾಯಪೀಠದ ಮುಂದೆ ನಿಲ್ಲುತ್ತಾನೆ.

ಗಿಡಿಯನ್ನನು 1972ರ ಜನವರಿ 18ರಂದು ತೀರಿಕೊಂಡನು. ಹ್ಯಾನಿಬಲ್‌ನಲ್ಲಿರುವ ಆತನ ಸಮಾಧಿಗೆ ಬಹುಕಾಲ ಹೆಸರಿನ ಕಲ್ಲೂ ಇರಲಿಲ್ಲ.